ಅರ್ಧಕ್ಕೆ ನಿಂತ ಸಾಕ್ಷಿ

ಮಿಲ್‌ಬ್ರೂಕ್, ಒಹಾಯೊ
11 ಜನವರಿ 1970

ಅವ್ವಾ,

ಕನ್ನಡ ಬರೆದು ಎಷ್ಟೋ ದಿನವಾಯಿತು. ಒತ್ತಕ್ಷರ ಸೊಟ್ಟಗಿದ್ದರೆ ಬೈದುಕೋ, ಕಿವಿ ಹಿಂಡಲು ಮಾತ್ರ ನಾನು ಕೈಗೆ ಸಿಗುವುದಿಲ್ಲ. ಇಲ್ಲಿ ಮಂಡಿಯುದ್ದ ಹಿಮ ಬಿದ್ದಿದೆ. ಅಪ್ಪ ಡಾಕ್ಟರಿಕೆ ಬಿಟ್ಟು ಈ ಊರಿನ ಚರ್ಚಿಗೆ ಪಾದ್ರಿಯಾಗಿದ್ದಾರೆ. ಗುಬ್ಬಿಯ ಮಿಶನ್ ಆಸ್ಪತ್ರೆಯಲ್ಲಿ ನೀವೆಲ್ಲ ಡಾಕ್ಟರ್ ಅಯ್ಯನವರು ಎನ್ನುತ್ತಿದ್ದಿರಲ್ಲ, ಇಲ್ಲಿ ಬರೀ ಅಯ್ಯನವರು.

ಚರ್ಚಿನ ಒಳಗೆ, ಉಪದೇಶ ಮಾಡುವ ಪೀಠದ ಬಲಗಡೆ, ಅಮೇರಿಕದ ಬಾವುಟ ನಿಂತಿದೆ. ಪ್ರಾರ್ಥನೆಯಲ್ಲಿ ಯೇಸುವಿನ ಹೆಸರು, ಅಧ್ಯಕ್ಷರ ಹೆಸರು, ಸೈನ್ಯದ ಹೆಸರು ಒಂದೇ ಉಸಿರಿನಲ್ಲಿ ಬರುತ್ತವೆ. ಜನ ಕೆಟ್ಟವರಲ್ಲ ಅವ್ವ. ಯಾರದಾದರೂ ಮನೆ ಸುಟ್ಟರೆ ಊರೇ ಹೋಗಿ ಕಟ್ಟಿಕೊಡುತ್ತದೆ. ಆದರೆ ಒಳ್ಳೆಯ ಕ್ರೈಸ್ತನೂ ಒಳ್ಳೆಯ ಅಮೇರಿಕದವನೂ ಬೇರೆಬೇರೆ ಆಗಿರಬಹುದು ಎಂಬ ಯೋಚನೆಯೇ ಅವರಿಗೆ ಬಂದಿಲ್ಲ.

ಈಗ ವಿಷಯ. ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕರೆಯಲು ಹುಟ್ಟಿದ ದಿನಗಳನ್ನು ಚೀಟಿಯಲ್ಲಿ ಬರೆದು ಎತ್ತಿದರು. ನನ್ನ ದಿನ ಬೇಗ ಬಂತು. ನಾನು ಯುದ್ಧಕ್ಕೆ ಹೋಗಲಾರೆ. ಹಗೆಯನ್ನೂ ಪ್ರೀತಿಸಬೇಕೆಂದು ಯೇಸು ಹೇಳಿದ್ದನ್ನು ಭಾನುವಾರದ ಶಾಲೆಯಲ್ಲಿ ನೀನು ಕಲಿಸಿದೆ, ನಾನು ಅದನ್ನು ನಂಬಿಬಿಟ್ಟೆ. ಹಾಗೆ ನಂಬುವವರಿಗೆ ಇಲ್ಲಿ ಒಂದು ದಾರಿಯಿದೆ. ಸಮಿತಿಯೊಂದು ಕೂತು ವಿಚಾರಿಸುತ್ತದೆ. ಒಪ್ಪಿದರೆ ಇಲ್ಲಿಯೇ ಯಾವುದಾದರೂ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದರೆ ಸಾಕು. ಆದರೆ ನನ್ನ ನಂಬಿಕೆ ನಿಜವೆಂದು, ನನ್ನನ್ನು ಬಲ್ಲವರೊಬ್ಬರು ಬರೆದುಕೊಡಬೇಕು.

ಅಪ್ಪನನ್ನು ಕೇಳಿದೆ. ಅಧಿಕಾರಿಗಳಿಗೆ ಒಳಪಡುವುದೂ ದೇವರ ಆಜ್ಞೆಯೇ ಎಂದರು. ಆಮೇಲೆ ನಾವು ಆ ಮಾತು ಆಡಿಲ್ಲ. ಅರ್ಜಿಯಲ್ಲಿ ನಿನ್ನ ಹೆಸರು ಬರೆದೆ. ಸಂಬಂಧ ಎಂಬಲ್ಲಿ ಆಯಾ ಎಂದು ಬರೆಯಲು ಗುಮಾಸ್ತೆ ಹೇಳಿದಳು. ಅಮ್ಮ ಗುಬ್ಬಿಯ ಮಣ್ಣಿಗೆ ಹೋದಾಗ ನನಗೆ ನಡೆಯಲೂ ಬರುತ್ತಿರಲಿಲ್ಲ. ಅವ್ವ ಎಂದೇ ಬರೆದೆ.

ನಿನ್ನ
ದಾನಿ


ಗುಬ್ಬಿ
2 ಫೆಬ್ರವರಿ 1970

ಮಗಾ ದಾನಿ,

ದೇವರು ನಿನ್ನನ್ನು ಆ ಹಿಮದಲ್ಲಿ ಬೆಚ್ಚಗಿಟ್ಟಿರಲಿ. ಕಾಗದ ಬಂತು. ಒತ್ತಕ್ಷರ ನೆಟ್ಟಗಿವೆ, ನಿನಗೆ ಅಕ್ಷರ ತಿದ್ದಿಸಿದವಳು ನಾನಲ್ಲವೇ.

ಆ ಬಾವುಟ ಒಳಗೆ ಯಾತಕ್ಕೆ? ಸ್ವಾತಂತ್ರ್ಯ ಬಂದ ದಿನ ನಾವೂ ಬಾವುಟ ಕಟ್ಟಿದೆವು. ಹೊರಗೆ ಹೊಂಗೆ ಮರದ ಹತ್ತಿರ ಕಟ್ಟಿ, ಸಕ್ಕರೆ ಹಂಚಿ, ಕೈ ತೊಳೆದುಕೊಂಡು ಒಳಗೆ ಬಂದು ಪ್ರಾರ್ಥನೆ ಮಾಡಿದೆವು. ಬಾವುಟದ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಒಳಗೆ ಕೂತವನಿಗೆ ಎಲ್ಲ ದೇಶದ ಮಕ್ಕಳೂ ಬೇಕು ಅಂತ.

ನಿನ್ನ ಸಮಿತಿಗೆ ಬೇಕಾದದ್ದು ಸರ್ಟಿಫಿಕೇಟಾದರೆ ನನಗೆ ಬರೆಯಲು ಬರುವುದಿಲ್ಲ. ನನಗೆ ಬರುವುದು ಸಾಕ್ಷಿ. ನಮ್ಮ ಸಭೆಯ ಪದ್ಧತಿ ನೀನು ಮರೆತಿರಲಾರೆ. ಸಾಕ್ಷಿ ಹೇಳುವವರು ಮೊದಲು ಒಂದು ಒಳ್ಳೆಯದು ಹೇಳಬೇಕು, ಕೊನೆಗೆ ಒಂದು ತಪ್ಪು ಹೇಳಬೇಕು. ತಪ್ಪು ಹೇಳದೆ ಕೂತರೆ ಅದು ಸಾಕ್ಷಿಯಲ್ಲ, ಹೊಗಳಿಕೆ. ನನ್ನ ಮದುವೆ ಗೊತ್ತಾದಾಗ ಸ್ವಂತ ಅಜ್ಜಿಯೇ ಸಭೆಯಲ್ಲಿ ಎದ್ದು, "ಇವ್ಳಿಗೆ ಬಾಯಿ ಜಾಸ್ತಿ ಕಣ್ರಪ್ಪ, ಆಮೇಲೆ ನಮ್ಮುನ್ನ ಕೇಳ್ಬ್ಯಾಡಿ" ಅಂದಿದ್ದಳು. ಗಂಡಿನ ಕಡೆಯವರು ಅದಕ್ಕೇ ಒಪ್ಪಿದರು, ಇವರು ಸುಳ್ಳು ಹೇಳುವ ಜನ ಅಲ್ಲ ಅಂತ.

ನಿನ್ನ ಸಾಕ್ಷಿಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಇಂಗ್ಲೀಷಿಗೆ ನೀನೇ ತಿರುಗಿಸಿಕೋ.

ಇಂತಿ ನಿನ್ನ ಅವ್ವ
ಸುವಾರ್ತಮ್ಮ


ಸಾಕ್ಷಿ
ಗುಬ್ಬಿ, 2 ಫೆಬ್ರವರಿ 1970

ಸಮಿತಿಯ ಹಿರಿಯರಿಗೆ ಗುಬ್ಬಿ ಸಭೆಯ ಸುವಾರ್ತಮ್ಮ ದೇವರ ಮುಂದೆ ಹೇಳುವುದು. ದಾನಿಯೇಲ ಹಾಲಿಸ್ಟರ್ ನಾನು ಎತ್ತಿ ಆಡಿಸಿದ ಮಗು.

ಇವನ ಒಳ್ಳೆಯದು: ಇವನಿಗೆ ಹನ್ನೆರಡು ವರ್ಷವಿದ್ದಾಗ ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಹತ್ತಿರದ ಒಂದು ಊರಿನಲ್ಲಿ ಔಷಧಿ ಕೊಡಲು ಬಿಡಾರ ಹಾಕಿದ್ದೆವು. ಆ ಊರಿನ ಗುಂಡಯ್ಯ ಎಂಬ ತೋಟದವನಿಗೆ ತಲೆಗೆ ಪೆಟ್ಟಾಗಿತ್ತು. ಇವನು ದಿನಾ ಬೆಳಿಗ್ಗೆ ಒಬ್ಬನೇ ಹೋಗಿ ಗಾಯ ತೊಳೆದು ಕಟ್ಟುತ್ತಿದ್ದ. ಗುಂಡಯ್ಯ ಇವನನ್ನು ಮನೆಯೊಳಗೆ ಸೇರಿಸಲಿಲ್ಲ, ಜಗುಲಿಯ ಮೇಲೆ ಕೂತು ಬೈಯುತ್ತಲೇ ಕಟ್ಟಿಸಿಕೊಂಡ. ಬೈದರೂ ಇವನು ಹೋಗುವುದು ಬಿಡಲಿಲ್ಲ. ಗಾಯ ಮಾಗಿದ ದಿನ ಆ ಮನೆಯ ಹೆಂಗಸು ಕರಟದಲ್ಲಿ ಮಜ್ಜಿಗೆ ಕೊಟ್ಟಳು. ಇವನು ಕುಡಿದು ಇನ್ನೊಂದು ಕರಟ ಕೇಳಿದ. ಗುಂಡಯ್ಯ ನಕ್ಕ.

ಇವನ ತಪ್ಪು: ಆ ಗಾಯ ಮಾಡಿದವನೂ ಇವನೇ. ನಾನು ಅವರ ಬಾವಿಯಲ್ಲಿ ನೀರು ಸೇದಿದೆನೆಂದು ಗುಂಡಯ್ಯ ನನ್ನ ಜುಟ್ಟು ಹಿಡಿದು ಎಳೆದಾಗ ಇವನು ಕಲ್ಲು ಬೀರಿ ತಲೆ ಒಡೆದ.

ಇದರಲ್ಲಿ ಸುಳ್ಳಿಲ್ಲ.

ಸುವಾರ್ತಮ್ಮ


ಮಿಲ್‌ಬ್ರೂಕ್
19 ಮಾರ್ಚ್ 1970

ಅವ್ವಾ,

ನಿನ್ನ ಸಾಕ್ಷಿ ಬಂತು. ಅಡಿಗೆಮನೆಯ ಮೇಜಿನ ಮುಂದೆ ಕೂತು ಇಂಗ್ಲೀಷಿಗೆ ತಿರುಗಿಸಿದೆ. ಜಗುಲಿಗೆ ಇಲ್ಲಿ ಪದವಿಲ್ಲ. ಕರಟಕ್ಕೆ ಪದವಿದೆ, ಆದರೆ ನಿನಗೂ ನನಗೂ ಯಾಕೆ ಕರಟದಲ್ಲೇ ಕೊಡುತ್ತಿದ್ದರು ಎಂಬುದಕ್ಕೆ ಪದವಿಲ್ಲ. ಕೊನೆಯ ಸಾಲುಗಳಿಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದೆ.

ತರ್ಜುಮೆ ಸರಿಯಾಗಿದೆ ಎಂದು ಕನ್ನಡ ಬಲ್ಲವರೊಬ್ಬರು ಸಹಿ ಹಾಕಬೇಕಿತ್ತು. ಈ ಊರಿನಲ್ಲಿ ಅಂಥವರು ಅಪ್ಪ ಒಬ್ಬರೇ. ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರು. "ಎಲ್ಲವನ್ನೂ ಬರೆದಿದ್ದೀಯ" ಎಂದರು, ಕನ್ನಡದಲ್ಲಿ. ಈ ಊರಿಗೆ ಬಂದ ಮೇಲೆ ಅಪ್ಪ ನನ್ನ ಹತ್ತಿರ ಕನ್ನಡ ಆಡಿದ್ದು ಅದೇ ಮೊದಲು. "ಅವ್ವ ಎಲ್ಲವನ್ನೂ ಬರೆದಿದ್ದಳು" ಎಂದೆ. ಸಹಿ ಹಾಕಿ ಎದ್ದು ಹೋದರು.

ಗುಂಡಯ್ಯ ಇದ್ದಾನೆಯೇ?

ದಾನಿ


ಮಿಲ್‌ಬ್ರೂಕ್
6 ಜೂನ್ 1970

ಅವ್ವಾ,

ಸಮಿತಿ ಮುಗಿಯಿತು. ಅಲ್ಲಿ ಕೂತವರೆಲ್ಲ ಪರಿಚಯದವರೇ, ಇಬ್ಬರಂತೂ ನಮ್ಮ ಚರ್ಚಿನ ಹಿರಿಯರು. ಚೆನ್ನಾಗಿಯೇ ಮಾತಾಡಿಸಿದರು. ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದರು, ತುಂಬಾ ಚೆನ್ನಾಗಿದೆ ಎಂದರು.

ಆಸ್ಪತ್ರೆ ಕೆಲಸ ಮಾತ್ರ ಸಿಗಲಿಲ್ಲ. ಅದಕ್ಕೆ ಬೇರೆ ಕಾರಣ, ಜನ ಸಾಲುತ್ತಿಲ್ಲವಂತೆ. ಸೈನ್ಯಕ್ಕೆ ಹೋಗಲೇಬೇಕು, ಆದರೆ ಬಂದೂಕು ಹಿಡಿಯಬೇಕಾಗಿಲ್ಲ. ಗಾಯಗೊಂಡವರಿಗೆ ಪಟ್ಟಿ ಕಟ್ಟುವ ಕೆಲಸ. ಬೇಡವೆಂದರೆ ಜೈಲು. ನಾನು ಯೋಚಿಸಿದೆ ಅವ್ವ. ನಾನಿಲ್ಲದಿದ್ದರೂ ಗಾಯಗಳಂತೂ ಆಗುತ್ತವೆ, ಕಟ್ಟುವವನು ಒಬ್ಬ ಇರಲಿ ಎಂದು ಒಪ್ಪಿಕೊಂಡೆ.

ನೀನು ಕೊರಗಬೇಡ. ನಿನ್ನ ಕಾಗದದಿಂದಲೇ ಇಷ್ಟಾದರೂ ಆಯಿತು.

ದಾನಿ


ಗುಬ್ಬಿ
20 ಜುಲೈ 1970

ಮಗಾ,

ಮೊದಲು ಓದಿದಾಗ ಸೈನ್ಯ ಅನ್ನುವ ಮಾತೊಂದೇ ಕಂಡಿತು. ಇನ್ನೊಂದು ಸಲ ಓದಿದ ಮೇಲೆ ಬಂದೂಕಿಲ್ಲ ಅನ್ನುವ ಮಾತು ಕಣ್ಣಿಗೆ ಬಿತ್ತು. ಅದೊಂದು ಪುಣ್ಯ.

ನನ್ನ ಕಾಗದವನ್ನು ಅಷ್ಟು ದೊಡ್ಡವರು ಗಟ್ಟಿಯಾಗಿ ಓದಿದರಂತೆ ಅಂತ ಭಾನುವಾರ ಸಭೆಗೆಲ್ಲ ಹೇಳಿದೆ. ಸಭಾಪಾಲಕರು ಕೃಪಾದಾನಪ್ಪನವರು ಎದ್ದು, "ನೋಡಿ, ಗುಬ್ಬಿ ಸಾಕ್ಷಿ ಅಮೇರಿಕಕ್ಕೂ ಹೋಗಿ ನಿಂತಿತು" ಅಂದರು. ಹೆಮ್ಮೆ ಪಡಬಾರದು ಅಂತ ಗೊತ್ತು, ಆದರೂ ಒಂದು ವಾರ ನಾನು ಸ್ವಲ್ಪ ನೆಟ್ಟಗೆ ನಡೆದೆ. ದೇವರು ಕ್ಷಮಿಸಲಿ.

ಗುಂಡಯ್ಯ ಗಟ್ಟಿಯಾಗಿದ್ದಾನೆ. ಏಪ್ರಿಲಿನಲ್ಲಿ ತೆಂಗಿನಕಾಯಿ ಗಾಡಿಯ ಜೊತೆ ತುಮಕೂರಿಗೆ ಬಂದಾಗ ಸಿಕ್ಕಿದ್ದ. "ನಮ್ಮ ಡಾಕುಟ್ರು ಎಂಗವ್ರೆ?" ಅಂತ ಕೇಳಿದ. ನಿನ್ನಪ್ಪನನ್ನಲ್ಲ ಕಣೋ, ನಿನ್ನನ್ನು.

ಅವ್ವ


ವಿಯೆಟ್ನಾಂ
14 ಫೆಬ್ರವರಿ 1971

ಅವ್ವಾ,

ಚೆನ್ನಾಗಿದ್ದೇನೆ. ಇಲ್ಲಿಯ ಗದ್ದೆಗಳು ಕುಣಿಗಲ್ ಕೆರೆಯ ಕೆಳಗಿನ ಗದ್ದೆಗಳ ಥರವೇ ಇವೆ. ನಾಟಿ ಹಾಕುವ ಹೆಂಗಸರು ಬಗ್ಗಿದಾಗ ಹಿಂದಿನಿಂದ ಎಲ್ಲರೂ ನಿನ್ನ ಹಾಗೇ ಕಾಣುತ್ತಾರೆ. ಮುಖ ಎತ್ತಿದಾಗ ನಮ್ಮನ್ನು ಕಂಡು ಹೆದರುತ್ತಾರೆ.

ಸೈನ್ಯದ ಪಾದ್ರಿಯೊಬ್ಬರಿದ್ದಾರೆ. ಒಳ್ಳೆಯ ಮನುಷ್ಯ. ಹೊರಡುವ ಮೊದಲು ನಮಗಾಗಿ ಪ್ರಾರ್ಥಿಸುತ್ತಾರೆ, ಶತ್ರುವನ್ನು ನಮ್ಮ ಕೈಗೆ ಒಪ್ಪಿಸು ಎಂದು. ಆ ಒಂದು ಸಾಲಿಗೆ ನಾನು ಆಮೆನ್ ಹೇಳುವುದಿಲ್ಲ. ಹುಡುಗರಿಗೆ ಇದು ಗೊತ್ತು, ಮೊದಲು ಸಿಟ್ಟಾಗಿದ್ದರು. ಈಗ ಗಾಯವಾದರೆ ನನ್ನ ಹೆಸರನ್ನೇ ಕೂಗುತ್ತಾರೆ.

ಕಳೆದ ವಾರ ಆ ಕಡೆಯವನೊಬ್ಬನಿಗೂ ಪಟ್ಟಿ ಕಟ್ಟಿದೆ. ಕಟ್ಟುವಾಗ ನನ್ನನ್ನು ಬೈಯುತ್ತಲೇ ಇದ್ದ. ಭಾಷೆ ತಿಳಿಯಲಿಲ್ಲ, ಆದರೆ ಗುಂಡಯ್ಯನ ನೆನಪಾಗಿ ನಗು ಬಂತು. ಅವನಿಗೆ ನನ್ನ ನಮಸ್ಕಾರ ಹೇಳು. ಇಲ್ಲಿ ಮಜ್ಜಿಗೆ ಸಿಗುವುದಿಲ್ಲ.

ನಿನ್ನ
ದಾನಿ


ಮಿಲ್‌ಬ್ರೂಕ್
9 ಆಗಸ್ಟ್ 1971

ಸುವಾರ್ತಮ್ಮನವರಿಗೆ,

ಈ ಸಂಗತಿಯನ್ನು ಮೊದಲೇ ತಿಳಿಸಬೇಕಾಗಿತ್ತು. ನನ್ನಿಂದ ಆಗಲಿಲ್ಲ. ಮೇ ತಿಂಗಳಿನಲ್ಲಿ ಡೇನಿಯಲ್, ಬಯಲಿನಲ್ಲಿ ಬಿದ್ದಿದ್ದ ಗಾಯಾಳುವಿನ ಬಳಿಗೆ ಹೋಗುತ್ತಿದ್ದಾಗ ಗುಂಡು ತಗುಲಿ ಕರ್ತನ ಸನ್ನಿಧಿಗೆ ಸೇರಿದನು. ನೀವು ಅವನಿಗೆ ಬರೆದಿದ್ದ ಕಡೆಯ ಕಾಗದ ಒಡೆಯದೆಯೇ ಹಿಂದಿರುಗಿದೆ. ಇದರೊಡನೆ ಕಳುಹಿಸುತ್ತಿದ್ದೇನೆ.

ಅಂತ್ಯಕ್ರಿಯೆಗೆ ಊರೆಲ್ಲ ಬಂದಿತ್ತು. ಅವನು ದೇವರಿಗಾಗಿಯೂ ದೇಶಕ್ಕಾಗಿಯೂ ಪ್ರಾಣವನ್ನು ಅರ್ಪಿಸಿದನೆಂದು ನಾನೇ ಉಪದೇಶ ಮಾಡಿದೆನು.

ಆದರೆ ನಿಮಗೆ ಒಂದು ಮಾತನ್ನು ಹೇಳದೆ ಇರಲಾರೆ. ಸಮಿತಿಯ ಕೊಠಡಿಯಲ್ಲಿ ನಾನು ಇದ್ದೆನು. ಅವರು ನಿಮ್ಮ ಕಾಗದದ ಕಡೆಯ ಸಾಲುಗಳನ್ನೇ ಹಿಡಿದುಕೊಂಡರು. ಈ ಹೆಂಗಸನ್ನು ಯಾರಾದರೂ ಈಗ ಹಾಗೆ ಎಳೆದರೆ ಏನು ಮಾಡುವೆ ಎಂದು ಕೇಳಿದರು. ಅವನು, "ಗೊತ್ತಿಲ್ಲ, ಕಲ್ಲು ಎತ್ತಿಕೊಂಡರೂ ಎತ್ತಿಕೊಂಡೇನು" ಎಂದನು. ಒಬ್ಬ ಹೆಂಗಸಿಗಾಗಿ ಕಲ್ಲೆತ್ತುವವನು ದೇಶಕ್ಕಾಗಿ ಸೈನ್ಯಕ್ಕೆ ಹೋಗಬಾರದೇಕೆ ಎಂದು ಅವರು ಕಾಗದವನ್ನು ಮಡಿಸಿಟ್ಟರು. ನೀವು ಆ ಸಾಲುಗಳನ್ನು ಬರೆಯಬಾರದಾಗಿತ್ತು.

ಜಾನ್ ಹಾಲಿಸ್ಟರ್


ಗುಬ್ಬಿ
12 ಸೆಪ್ಟೆಂಬರ್ 1971

ಡಾಕ್ಟರ್ ಅಯ್ಯನವರಿಗೆ,

ಕಾಗದ ಬಂದು ಬಹಳ ದಿನವಾಯಿತು. ಅಳು ನಿಂತ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಅದು ನಿಲ್ಲುವ ಹಾಗೆ ಕಾಣಲಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನನ್ನ ಮಗು ಸತ್ತಿದೆ. ನನ್ನ ಕೈಯಾರೆ ಬರೆದ ಸಾಲಿನಿಂದ ಅನ್ನುತ್ತೀರಿ. ಆ ಸಾಲನ್ನು ನಾನು ಈಗ ದಿನಾ ಮನಸ್ಸಿನಲ್ಲಿ ಬರೆದು ಬರೆದು ಅಳಿಸುತ್ತೇನೆ. ನನ್ನ ಕಾಗದ ಚೆನ್ನಾಗಿದೆ ಅಂದರು ಅಂತ ಅವನು ನನಗೆ ಸುಳ್ಳು ಬರೆದಿದ್ದ. ಹುಟ್ಟಿದಾಗಿನಿಂದ ಅವನು ನನಗೆ ಹೇಳಿದ ಸುಳ್ಳು ಅದೊಂದೇ ಇರಬೇಕು. ನಾನು ಅದನ್ನು ನಂಬಿ ಊರೆಲ್ಲ ಮೆರೆದೆ.

ಆದರೆ ನನಗೆ ಬಾಯಿ ಜಾಸ್ತಿ ಅಂತ ನಿಮಗೆ ಗೊತ್ತು, ಅದಕ್ಕೇ ಕೇಳುತ್ತೇನೆ. ಆ ಊರಿನಲ್ಲಿ ಕನ್ನಡ ಬಲ್ಲವರು ಇಬ್ಬರೇ. ಒಬ್ಬ ತಿರುಗಿಸಿ ಬರೆದ, ಇನ್ನೊಬ್ಬರು ಸಹಿ ಹಾಕಿದರು. ಎರಡು ಸಾಲು ಬಿಟ್ಟಿದ್ದರೆ ಯಾರಿಗೆ ತಿಳಿಯುತ್ತಿತ್ತು? ಅವನು ಬಿಡಲಿಲ್ಲ, ಬಿಡುವುದನ್ನು ನಾನು ಅವನಿಗೆ ಕಲಿಸಿರಲಿಲ್ಲ. ನೀವು ಆ ಜನರ ನಡುವೆ ಬೆಳೆದವರು, ಅವರು ಅದನ್ನು ಹೇಗೆ ಓದುತ್ತಾರೆ ಅಂತ ನಿಮಗೆ ಗೊತ್ತಿತ್ತು. ನೀವು ಯಾಕೆ ಬಿಡಿಸಲಿಲ್ಲ?

ಅವನಿಗೆ ಆ ಸಾಲು ಬರೆದಾಗ ಪೆನ್ನು ನಿಂತಿತಂತೆ. ಸಹಿ ಹಾಕುವಾಗ ನಿಮ್ಮದು ನಿಂತಿತೇ?

ಸುವಾರ್ತಮ್ಮ


ಮಿಲ್‌ಬ್ರೂಕ್
4 ಅಕ್ಟೋಬರ್ 1971

ಸುವಾರ್ತಮ್ಮನವರಿಗೆ,

ನೀವು ಕೇಳಿದ್ದಕ್ಕೆ ಉತ್ತರವನ್ನು ನಾನು ದೇವರಿಗೆ ಕೊಡಬೇಕಾಗಿದೆ.

ಒಂದು ಕಟ್ಟನ್ನು ಕಳುಹಿಸಿದ್ದೇನೆ. ಅದರಲ್ಲಿರುವುದು ಅವನ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಾವುಟ. ಎಲೆನಳ ಸಮಾಧಿ ಗುಬ್ಬಿಯಲ್ಲಿದೆ, ಮಗನದು ಇಲ್ಲಿದೆ. ಇದಾದರೂ ತಾಯಿಯ ಹತ್ತಿರ ಇರಲಿ. ಗುಬ್ಬಿಯ ದೇವಾಲಯದಲ್ಲಿ ಪೀಠದ ಬಲಗಡೆ ಇದನ್ನು ನಿಲ್ಲಿಸಿ, ಅವನ ಹೆಸರಿನಲ್ಲಿ ಒಂದು ಕಲ್ಲು ನೆಟ್ಟು ಅದರಲ್ಲಿ "ದೇವರಿಗಾಗಿ, ದೇಶಕ್ಕಾಗಿ" ಎಂದು ಕೆತ್ತಿಸಬೇಕೆಂದು ಸಭೆಯನ್ನು ಬೇಡುತ್ತೇನೆ.

ಮನೆಯಲ್ಲಿ ಈಗ ಕನ್ನಡ ಆಡುವವರು ಯಾರೂ ಇಲ್ಲ.

ಜಾನ್ ಹಾಲಿಸ್ಟರ್


ಗುಬ್ಬಿ
10 ಜನವರಿ 1972

ಡಾಕ್ಟರ್ ಅಯ್ಯನವರಿಗೆ,

ನಿಮ್ಮ ಕೊನೆಯ ಸಾಲು ಓದಿದ ಮೇಲೆ ನನ್ನ ಸಿಟ್ಟು ಇಳಿಯಿತು. ದುಃಖ ಇಳಿಯಲಿಲ್ಲ.

ಕಟ್ಟು ಬಂದದ್ದು ಡಿಸೆಂಬರಿನಲ್ಲಿ, ನಮ್ಮ ದೇಶಕ್ಕೂ ಪಾಕಿಸ್ತಾನಕ್ಕೂ ಯುದ್ಧ ನಡೆಯುತ್ತಿದ್ದ ವಾರ. ನಿಮ್ಮ ಸರ್ಕಾರ ನಮ್ಮನ್ನು ಹೆದರಿಸಲು ಬಂಗಾಳ ಕೊಲ್ಲಿಗೆ ಹಡಗು ಕಳಿಸಿದೆ ಅಂತ ರೇಡಿಯೋದಲ್ಲಿ ಹೇಳಿದ್ದರು. ನಮ್ಮ ದೇವಾಲಯದ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ "ಅಮೇರಿಕದವರ ಗುಡಿ" ಅಂತ ಬರೆದರು. ಟೀ ಅಂಗಡಿಯ ಪರಮಶಿವಯ್ಯ ನನ್ನನ್ನು ನಿಲ್ಲಿಸಿ, "ಏನಮ್ಮೋ, ನಿಮ್ಮ ದೇಸದ ಹಡಗು ಬಂತಂತೆ?" ಅಂದ. "ನನ್ನ ದೇಸದ ಹಡಗು ಕರಾಚಿ ಕಡೀಕೆ ಹೋಗೈತೆ ಕಣಪ್ಪ" ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅವನೂ ನಕ್ಕ. ಅದೇ ದಿನ ಪೋಸ್ಟಿನವನು ನಿಮ್ಮ ಕಟ್ಟು ತಂದುಕೊಟ್ಟ. ತಪಾಸಣೆಗೆ ಯಾರೋ ಬಿಚ್ಚಿದ್ದರು. ಆ ಪಟ್ಟೆಗಳನ್ನು ಊರೆಲ್ಲ ನೋಡಿತ್ತು.

ಹಿರಿಯರು ಕೂತು ಮಾತಾಡಿದರು. ಬಾವುಟ ಒಳಗೆ ಬೇಡ ಅಂದರು. ಗೋಡೆಯ ಬರಹಕ್ಕೆ ಹೆದರಿ ಅಲ್ಲ ಅಯ್ಯನವರೇ, ನಮ್ಮ ಬಾವುಟವನ್ನೂ ನಾವು ಒಳಗೆ ಇಟ್ಟವರಲ್ಲ. ವಾಪಸು ಕಳಿಸೋಣ ಅಂದರು ಒಬ್ಬರು. ನಾನು ಬಿಡಲಿಲ್ಲ. ನನಗೆ ಅದು ಬಾವುಟ ಅಲ್ಲ, ನನ್ನ ಮಗ ಕೊನೆಗೆ ಹೊದ್ದುಕೊಂಡ ಹೊದಿಕೆ. ಮನೆಗೆ ತಂದು ಬಾವಿಯ ಹತ್ತಿರ ತೊಳೆದೆ, ನೆರಳಿನಲ್ಲಿ ಒಣಗಿಸಿದೆ. ಅದನ್ನು ಒಗೆಯಬಾರದು ಅಂತ ನಿಮ್ಮಲ್ಲಿ ನಿಯಮವಿದ್ದರೆ ನನಗೆ ಗೊತ್ತಿರಲಿಲ್ಲ. ಅವನ ಚಿಕ್ಕಂದಿನ ಅಂಗಿಗಳಿರುವ ಟ್ರಂಕಿನಲ್ಲಿ ಮಡಿಸಿಟ್ಟಿದ್ದೇನೆ.

ಕಲ್ಲನ್ನು ಎಲೆನಮ್ಮನ ಸಮಾಧಿಯ ಪಕ್ಕ ನೆಟ್ಟಿದ್ದೇವೆ. ಅದರಲ್ಲಿ ಅವನ ಹೆಸರು, ಅದರ ಕೆಳಗೆ "ಗಾಯ ಕಟ್ಟುತ್ತಿದ್ದವನು" ಅಂತ ಇದೆ. ನೀವು ಹೇಳಿದ ಮಾತು ಕೆತ್ತಿಸಲಿಲ್ಲ. ಅವನು ತನ್ನನ್ನು ದೇವರಿಗೆ ಕೊಟ್ಟುಕೊಂಡಿದ್ದ. ದೇಶ ಅವನನ್ನು ಕೇಳಿ ಪಡೆಯಲಿಲ್ಲ, ಕಿತ್ತುಕೊಂಡಿತು. ಎರಡನ್ನೂ ಒಂದೇ ಕಲ್ಲಿನಲ್ಲಿ ಬರೆಯಲು ನನ್ನಿಂದ ಆಗಲಿಲ್ಲ.

ಹೊಸ ವರ್ಷದ ಮೊದಲ ಭಾನುವಾರ ಅವನಿಗಾಗಿ ಸಭೆ ಸೇರಿದೆವು. ಕೊನೆಯ ಕಾಗದದಲ್ಲಿ ಅವನು ಗುಂಡಯ್ಯನಿಗೆ ನಮಸ್ಕಾರ ಹೇಳಿದ್ದನಲ್ಲ, ಅದಕ್ಕೇ ಕುಣಿಗಲ್ ಬಸ್ಸಿನಲ್ಲಿ ಹೋಗಿ ನಾನೇ ನಡೆದದ್ದನ್ನೆಲ್ಲ ಹೇಳಿ ಬಂದಿದ್ದೆ. ಗುಂಡಯ್ಯ ಕೇಳಿಸಿಕೊಂಡು ತೋಟದ ಕಡೆ ಹೋದ. ಭಾನುವಾರ ಬರುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ. ಪ್ರಾರ್ಥನೆ ನಡೆಯುತ್ತಿರುವಾಗ ಬಾಗಿಲ ಹತ್ತಿರ ಬಂದು ನಿಂತ. ನಮ್ಮವರು ಒಳಗೆ ಕರೆದರು. ಒಂದು ಗಳಿಗೆ ತಡೆದು ಒಳಗೆ ಬಂದ, ತಲೆಯ ರುಮಾಲು ತೆಗೆದ. ಹಣೆಯ ಮೇಲಿನ ಗುರುತು ಎಲ್ಲರಿಗೂ ಕಾಣುತ್ತಿತ್ತು.

"ನನ್ಗೆ ನಿಮ್ಮ ಪದ್ದತಿ ಗೊತ್ತಿಲ್ಲ" ಅಂದ. "ಒಂದು ಮಾತು ಹೇಳ್ತೀನಿ. ಆ ಹುಡ್ಗ ನನ್ ತಲೆ ಒಡ್ದ, ದಿಟ. ಒಡ್ದೋನೆ ಬಂದು ಕಟ್ದ. ನಮ್ಮೋರು ಯಾರೂ ಅಂಗೆ ಕಟ್ನಿಲ್ಲ. ಅಲ್ಲಿ ಅಮೇರಿಕದಾಗೆ ಅವ್ನ ಕೂರ್ಸ್ಕಂಡು ನ್ಯಾಯ ಮಾಡುದ್ರಂತಲ್ಲ, ಒಡ್ಸ್ಕಂಡೋನು ನಾನು. ನನ್ ಒಂದ್ ಮಾತು ಕೇಳ್ಬೇಕಿತ್ತಲ್ವಾ? ನಾನು ಹೆಬ್ಬೆಟ್ಟು ಒತ್ತಿ ಬರ್ಸಿ ಕೊಡ್ತಿದ್ನಲ್ಲ ತಾಯಿ. ನೀನಾದ್ರೂ ಯಾಕೆ ಕೇಳ್ನಿಲ್ಲ?"

ಅಯ್ಯನವರೇ, ನನಗೆ ಅದು ಹೊಳೆಯಲೇ ಇಲ್ಲ. ಕುಣಿಗಲ್ ಎಷ್ಟು ದೂರ? ತುಮಕೂರಿನಲ್ಲಿ ಅವನು ಎದುರಿಗೇ ಸಿಕ್ಕಿದ್ದ, ಹುಡುಗನನ್ನು ವಿಚಾರಿಸಿಯೂ ಇದ್ದ. ಬಾವಿಯ ಹತ್ತಿರ ಜುಟ್ಟು ಹಿಡಿದವನು ನಮ್ಮ ಹುಡುಗನಿಗೆ ಸಾಕ್ಷಿಯಾದಾನು ಅಂತ ನಾನು ಕನಸಿನಲ್ಲೂ ಎಣಿಸಲಿಲ್ಲ. ಹಗೆಯನ್ನು ಪ್ರೀತಿಸು ಅಂತ ಮಕ್ಕಳಿಗೆ ಕಲಿಸಿದವಳು ನಾನು. ಕಲಿತದ್ದು ಅವನೊಬ್ಬನೇ.

ಆಮೇಲೆ ಸಭಾಪಾಲಕರು ನನ್ನ ಕಡೆ ನೋಡಿದರು. ಸತ್ತವರಿಗೆ ಮನೆಯವರು ಸಾಕ್ಷಿ ಹೇಳಬೇಕು. ಎದ್ದು ನಿಂತೆ. ಅವನ ಒಳ್ಳೆಯದು ಹೇಳಿದೆ. ಬೈಯುವವನ ಗಾಯವನ್ನೂ ಕಟ್ಟುತ್ತಿದ್ದ, ನನಗೆ ನೋವಾಗಬಾರದು ಅಂತ ನನ್ನ ತಪ್ಪನ್ನು ನನ್ನಿಂದಲೇ ಮುಚ್ಚಿಟ್ಟ ಅಂದೆ. ಸಭೆ ತಪ್ಪಿಗಾಗಿ ಕಾಯುತ್ತಿತ್ತು. ನಾನು ಕೂತುಬಿಟ್ಟೆ.

ನಮ್ಮಜ್ಜಿಯ ಕಾಲದಿಂದ ನಮ್ಮಲ್ಲಿ ಸಾಕ್ಷಿ ಹೀಗೆ ಅರ್ಧಕ್ಕೆ ನಿಂತದ್ದಿಲ್ಲ. ಅದನ್ನು ಪೂರ್ತಿ ಮಾಡಿ ಅಂತ ಯಾರೂ ಕೇಳಲಿಲ್ಲ. ಕೃಪಾದಾನಪ್ಪನವರು ಆಮೆನ್ ಅಂದರು, ಸಭೆಯೆಲ್ಲ ಆಮೆನ್ ಅಂದಿತು.

ನಿಮಗೆ ಕನ್ನಡ ಆಡಬೇಕು ಅನ್ನಿಸಿದಾಗ ನನಗೆ ಬರೆಯಿರಿ.

ಇಂತಿ,
ದಾನಿಯ ಅವ್ವ
ಸುವಾರ್ತಮ್ಮ